ಅಕ್ಕನ ಸ್ತನ ಕ್ಯಾನ್ಸರ್: ಗಂಟು ಕಂಡಂದಿನಿಂದ ಕೀಮೋ ಶುರುವಾಗುವವರೆಗೆ

ಹೋದ ತಿಂಗಳು ನಮ್ಮಕ್ಕನ ರೇಡಿಯೇಷನ್ ಮುಗಿಯಿತು. ಕೀಮೋ, ಆಪರೇಷನ್, ಕರೆಂಟು (ರೇಡಿಯೇಷನ್‌ಗೆ ಜನ ಹೀಗನ್ನುತ್ತಾರೆ) ಎಲ್ಲ ದಾಟಿಕೊಂಡು ಊರಿಗೆ ಬಂದಿದ್ದಾಳೆ. ತಲೆಯ ಮೇಲೆ ಬೆರಳುದ್ದ ಕೂದಲು ಬಂದಿದೆ. ಇಷ್ಟು ದಿನ ಬರೆಯುವ ಮನಸ್ಸಿರಲಿಲ್ಲ, ಈಗ ಬರೆಯಲೇಬೇಕು ಅನ್ನಿಸಿದೆ. ಚಿಕಿತ್ಸೆಯ ಬಗ್ಗೆ ಹೇಳುವವರು ನಮಗೆ ಬೇಕಾದಷ್ಟು ಜನ ಸಿಕ್ಕರು. ಗಂಟು ಕೈಗೆ ಸಿಕ್ಕ ದಿನದಿಂದ 'ಇದು ಕ್ಯಾನ್ಸರ್' ಎಂದು ಕಾಗದದಲ್ಲಿ ಬರುವ ತನಕದ ದಾರಿ ಹೇಗಿರುತ್ತದೆ ಎಂದು ಹೇಳುವವರು ಒಬ್ಬರೂ ಸಿಗಲಿಲ್ಲ. ನಮಗೆ ಪೆಟ್ಟು ಬಿದ್ದದ್ದು ಆ ದಾರಿಯಲ್ಲೇ.

ದೊಡ್ಡ ಆಸ್ಪತ್ರೆಗೆ ಹೋದ ಮೊದಲ ದಿನ ಕಿರಿಯ ವೈದ್ಯರೊಬ್ಬರು ಅಕ್ಕನನ್ನು ನೋಡಿದವರೇ, "ಇಷ್ಟು ದಿನ ಏನ್ ಮಾಡ್ತಿದ್ರಮ್ಮಾ? ನಾಚಿಕೆ ಅಂತ ಮುಚ್ಚಿಟ್ಕೊಂಡು ಕೊನೇಲಿ ಬರ್ತೀರಿ" ಎಂದರು. ಅಕ್ಕ ತಲೆ ತಗ್ಗಿಸಿದಳು. ನನ್ನ ಕೈಯಲ್ಲಿದ್ದ ಚೀಲದಲ್ಲಿ ಅಷ್ಟರೊಳಗೆ ಖಾಸಗಿ ಕ್ಲಿನಿಕ್ಕಿನ ಚೀಟಿ, ತಾಲ್ಲೂಕು ಆಸ್ಪತ್ರೆಯ ಚೀಟಿ, ಮ್ಯಾಮೋಗ್ರಾಮ್ (ಎದೆಯ ಎಕ್ಸ್-ರೇ) ರಿಪೋರ್ಟು, ಸೂಜಿ ಪರೀಕ್ಷೆಯ ರಿಪೋರ್ಟು ಎಲ್ಲವೂ ಇದ್ದವು. ಮುಚ್ಚಿಟ್ಟುಕೊಂಡವರ ಚೀಲ ಅಷ್ಟು ತುಂಬಿರುವುದಿಲ್ಲ.

ಅಕ್ಕನಿಗೆ 46 ವರ್ಷ. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಎರಡೆಕರೆ ಒಣಭೂಮಿಯಲ್ಲಿ ಗೋವಿನಜೋಳ, ಉಳಿದ ದಿನ ಕೂಲಿ. ನಾನು ಪಕ್ಕದ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಸಂಕ್ರಾಂತಿಯ ಹೊತ್ತಿಗೆ ಎರಕೊಳ್ಳುವಾಗ ಅವಳ ಎಡ ಎದೆಯಲ್ಲಿ ಅಡಿಕೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತ್ತು. ನನಗೆ ಹೇಳಿದ್ದು ಯುಗಾದಿಗೆ ತವರಿಗೆ ಬಂದಾಗ, ಹೋಳಿಗೆ ಹೂರಣ ರುಬ್ಬುತ್ತಾ. "ನೋವಿಲ್ಲ, ಏನಿಲ್ಲ. ಇರ್ಲಿ ಬಿಡು ಅತ್ಲಾಗ" ಎಂದಳು.

ಈ 'ನೋವಿಲ್ಲ' ಎನ್ನುವುದನ್ನು ದಯವಿಟ್ಟು ಎಲ್ಲರಿಗೂ ಹೇಳಿ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನಮ್ಮ ಮನೆಗಳಲ್ಲಿ ಕಾಯಿಲೆ ಅಂದರೆ ನೋವು, ಜ್ವರ, ಸುಸ್ತು. ಹೊಲದ ಕೆಲಸ ಮಾಡಲು ಆಗುತ್ತಿದೆ ಅಂದಮೇಲೆ ಅದು ಕಾಯಿಲೆಯೇ ಅಲ್ಲ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ ಎನ್ನುವುದೂ ನಿಜ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ತೀರ್ಮಾನಿಸುವುದು ಪರೀಕ್ಷೆ. ನೋವು ಇದೆಯೋ ಇಲ್ಲವೋ ಎನ್ನುವುದರಿಂದ ಅದು ಗೊತ್ತಾಗುವುದಿಲ್ಲ.

ಅಷ್ಟು ದಿನ ಅವಳು ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಮಗಳಿಗೆ ಗಂಡು ನೋಡುತ್ತಿದ್ದರು. ತಾಯಿಗೆ ಎದೆಯಲ್ಲಿ ಗಂಟು ಎಂಬ ಮಾತು ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ ಎಂಬ ಹೆದರಿಕೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗಾಗುವುದಿಲ್ಲ. ಆ ಊರಿನಲ್ಲಿ, ಆ ಜನರ ನಡುವೆ ಬದುಕಬೇಕಾದ ತಾಯಿಯ ಲೆಕ್ಕ ಅದು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ವಿಳಂಬ ಅವಳದೇ, ಒಪ್ಪುತ್ತೇನೆ. ಯುಗಾದಿಯಿಂದ ದಸರೆಯವರೆಗಿನದು ಅವಳದಲ್ಲ.

ಯುಗಾದಿ ಮುಗಿದ ವಾರವೇ ಹೋಬಳಿ ಊರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿದ್ದವರು ಗಂಡು ವೈದ್ಯರು. ಕುರ್ಚಿಯ ಮೇಲೆ ಕೂತಲ್ಲೇ ಕೇಳಿದರು, ಮುಟ್ಟಿ ನೋಡಲಿಲ್ಲ. ಹೊರಗೆ ಜನ ಕಾಯುತ್ತಿದ್ದರು, ನಡುವೆ ಒಂದು ಪರದೆಯೂ ಇರಲಿಲ್ಲ. "ಈ ವಯಸ್ಸಿಗೆ ಹಾರ್ಮೋನ್ ವ್ಯತ್ಯಾಸ ಆಗ್ತದ. ಕರಗ್ತದ, ಗುಳಿಗಿ ತಗೊಳ್ರಿ" ಎಂದು ಆಂಟಿಬಯೋಟಿಕ್, ವಿಟಮಿನ್ ಇ ಕ್ಯಾಪ್ಸೂಲು ಬರೆದುಕೊಟ್ಟರು. ಕರಗಲಿಲ್ಲ. ಮತ್ತೆ ಹೋದಾಗ ಅದೇ ಗುಳಿಗೆಗಳ ಇನ್ನೊಂದು ಕೋರ್ಸು. ಅಷ್ಟೊತ್ತಿಗೆ ಮುಂಗಾರು ಬಿದ್ದು ಬಿತ್ತನೆ ಶುರುವಾಗಿತ್ತು. ಬಿತ್ತನೆಯ ವಾರದಲ್ಲಿ ಹೊಲ ಬಿಟ್ಟು ಆಸ್ಪತ್ರೆಗೆ ಹೋಗುವ ರೈತ ಮಹಿಳೆಯನ್ನು ನಾನಂತೂ ಕಂಡಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಗಂಟು ಇದ್ದರೆ, ಅದನ್ನು ಮುಟ್ಟಿ ನೋಡದೆ ಬರೆದ ಗುಳಿಗೆಯನ್ನು ನಂಬಿ ತಿಂಗಳುಗಟ್ಟಲೆ ಕೂರಬೇಡಿ. ವೈದ್ಯರು ಕೈಯಿಂದ ಎರಡೂ ಎದೆ ಮತ್ತು ಎರಡೂ ಕಂಕುಳು ಪರೀಕ್ಷಿಸಬೇಕು, ಮ್ಯಾಮೋಗ್ರಾಮ್ ಅಥವಾ ಅಲ್ಟ್ರಾಸೌಂಡ್ ಆಗಬೇಕು, ಸಂಶಯವಿದ್ದರೆ ಗಂಟಿನ ತುಣುಕು ತೆಗೆದು ನೋಡಬೇಕು. ಈ ಮೂರೂ ಸೇರಿದರೇ ಪರೀಕ್ಷೆ ಪೂರ್ತಿಯಾಗುವುದು.

ಆ ಬೇಸಿಗೆಯಲ್ಲೇ ಊರಿನಲ್ಲಿ ಆರೋಗ್ಯ ತಪಾಸಣೆಯೂ ನಡೆದಿತ್ತು. ಸಮುದಾಯ ಭವನದಲ್ಲಿ ಬಿಪಿ, ಶುಗರ್ ನೋಡಿ ಕಾರ್ಡು ಕೊಟ್ಟರು. ಸರ್ಕಾರದ ಅಸಾಂಕ್ರಾಮಿಕ (ಒಬ್ಬರಿಂದ ಒಬ್ಬರಿಗೆ ಅಂಟದ) ರೋಗಗಳ ಕಾರ್ಯಕ್ರಮದ ಪ್ರಕಾರ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ಕಾರ್ಯಕರ್ತೆ ಸ್ತನ ಪರೀಕ್ಷೆಯನ್ನೂ ಮಾಡಬೇಕು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅವತ್ತು ಆ ಪರೀಕ್ಷೆ ನಡೆಯಲೇ ಇಲ್ಲ. ಒಂದೇ ಹಾಲ್, ಹೊರಗೆ ಗಂಡಸರ ಸಾಲು. ಆ ಕಾರ್ಯಕರ್ತೆಯಾದರೂ ಎಲ್ಲಿ ಪರೀಕ್ಷೆ ಮಾಡಬೇಕಿತ್ತು? ದೇಶದ ಲೆಕ್ಕವೂ ಬೇರೆ ಕಥೆ ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡಿದ್ದೇವೆ ಎಂದ 30ರಿಂದ 49 ವಯಸ್ಸಿನ ಮಹಿಳೆಯರು ನೂರಕ್ಕೆ ಒಬ್ಬರೂ ಇಲ್ಲ, ಶೇ. 0.9. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಈ ಪರೀಕ್ಷೆ ಬೇಕು ಎಂದು ಬಾಯಿಬಿಟ್ಟು ಕೇಳಿ. 

ಬಿತ್ತನೆ ಮುಗಿದ ಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಮೊದಲ ಸಲ ಲೇಡಿ ಡಾಕ್ಟರ್ ರಜೆಯಲ್ಲಿದ್ದರು. ಮತ್ತೊಮ್ಮೆ ಹೋದಾಗ ಸಿಕ್ಕರು. ಆ ತಾಯಿಗೆ ನಮ್ಮ ಮನೆಯವರೆಲ್ಲ ಋಣಿಗಳು. ಅಕ್ಕನನ್ನು ಪರದೆಯ ಹಿಂದೆ ಮಲಗಿಸಿ, ಕೈ ತಲೆಯ ಮೇಲೆ ಇಡಿಸಿ, ನಿಧಾನವಾಗಿ ಎರಡೂ ಕಡೆ ಪರೀಕ್ಷಿಸಿದರು. ಗಂಟು ಬಂದು ಆರು ತಿಂಗಳ ಹತ್ತಿರವಾಗಿತ್ತು, ಅದನ್ನು ಮುಟ್ಟಿ ನೋಡಿದ ಮೊದಲ ವೈದ್ಯರು ಅವರೇ. ಮುಖ ಗಂಭೀರವಾಯಿತು. "ಇವತ್ತೇ ಮ್ಯಾಮೋಗ್ರಾಮ್‌ಗೆ ಹೋಗಿ" ಎಂದರು. ತಾಲ್ಲೂಕಿನಲ್ಲಿ ಆ ಯಂತ್ರ ಇರಲಿಲ್ಲ.

ಜಿಲ್ಲಾ ಕೇಂದ್ರದ ಖಾಸಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್ ಎರಡೂ ಸೇರಿ 3 ಸಾವಿರ ರೂಪಾಯಿಯ ಹತ್ತಿರ ಆಯಿತು. ಮ್ಯಾಮೋಗ್ರಾಮ್ ಮಾಡುವಾಗ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತುತ್ತಾರೆ, ಸ್ವಲ್ಪ ನೋವಾಗುತ್ತದೆ, ಕೆಲವೇ ಕ್ಷಣ. ರಿಪೋರ್ಟು ಇಂಗ್ಲಿಷಿನಲ್ಲಿ ಬಂತು. ಕೊನೆಯಲ್ಲಿ 'ಬೈ-ರಾಡ್ಸ್ 4' ಎಂದಿತ್ತು. ಹಾಗೆಂದರೇನು ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದ ಹುಡುಗ "ನಿಮ್ಮ ಡಾಕ್ಟರಿಗೆ ತೋರಿಸಿ" ಎಂದ. ಮುಂದೆ ಬರುವವರಿಗೆ ನಾನು ಹೇಳಿಬಿಡುತ್ತೇನೆ. 1 ಮತ್ತು 2 ಎಂದಿದ್ದರೆ ಸಂಶಯಪಡುವಂಥದ್ದು ಕಂಡಿಲ್ಲ ಎಂದು. 3 ಅಂದರೆ ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡಬೇಕು. 4 ಅಥವಾ 5 ಅಂದರೆ ಬಯಾಪ್ಸಿ (ಗಂಟಿನ ತುಣುಕು ತೆಗೆದು ನೋಡುವುದು) ಆಗಲೇಬೇಕು. 0 ಎಂದಿದ್ದರೆ ಚಿತ್ರ ಸಾಲದು, ಇನ್ನೊಂದು ಪರೀಕ್ಷೆ ಬೇಕು. ಮತ್ತೆ, ರಿಪೋರ್ಟು ಏನೇ ಹೇಳಲಿ, ಕೈಗೆ ಸಿಗುವ ಗಂಟು ಇದ್ದರೆ ಅದನ್ನು ವೈದ್ಯರಿಗೆ ತೋರಿಸಿಯೇ ತೀರ್ಮಾನಿಸಬೇಕು.

ಇದರ ನಂತರ ನಡೆದದ್ದೇ ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಬೆಂಕಿ ಹಾಕುವ ಸಂಗತಿ. ಅದೇ ಊರಿನಲ್ಲಿ ಒಂದು ಕಡೆ ಸೂಜಿ ಪರೀಕ್ಷೆ ಮಾಡಿಸಿದೆವು. ಎಫ್‌ಎನ್‌ಎಸಿ ಎನ್ನುತ್ತಾರೆ. ಸಣ್ಣ ಸೂಜಿಯಿಂದ ಗಂಟಿನೊಳಗಿನ ಕೋಶಗಳನ್ನು ಎಳೆದು ಗಾಜಿನ ಮೇಲೆ ಸವರಿ ನೋಡುವುದು. ಸಾವಿರ ರೂಪಾಯಿಯೊಳಗೇ ಮುಗಿಯಿತು. ರಿಪೋರ್ಟಿನಲ್ಲಿ ಎರಡು ಮಾತಿದ್ದವು: ಮಾದರಿ ಸಾಕಷ್ಟಿಲ್ಲ, ಸಿಕ್ಕಷ್ಟರಲ್ಲಿ ಕ್ಯಾನ್ಸರ್ ಕೋಶ ಕಂಡಿಲ್ಲ. ನಮಗೆ ಓದಿ ಹೇಳಿದವರು ಎರಡನೆಯದನ್ನು ಮಾತ್ರ ಹೇಳಿದರು. ಮನೆಯಲ್ಲಿ ಹಬ್ಬವಾಯಿತು. ಭಾವ ಬಸವಣ್ಣನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಶ್ರಾವಣದಲ್ಲಿ ಮಗಳ ನಿಶ್ಚಿತಾರ್ಥ ಮಾಡಿದರು. ಗಂಟು ಹಾಗೇ ಇತ್ತು. ಯಾರೋ ಕೊಟ್ಟ ಬೇರಿನ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಯತೊಡಗಿದಳು.

ಸ್ಕ್ಯಾನಿಂಗಿನಲ್ಲಿ 4 ಎಂದು ಬಂದಿದ್ದು ಸೂಜಿ ಪರೀಕ್ಷೆಯಲ್ಲಿ 'ಕಂಡಿಲ್ಲ' ಎಂದು ಬಂದರೆ ಅಲ್ಲಿಗೆ ಮುಗಿಯುವುದಿಲ್ಲ. ಎರಡಕ್ಕೂ ಹೊಂದಿಕೆ ಇಲ್ಲ ಅಂದಮೇಲೆ ಕೋರ್ ಬಯಾಪ್ಸಿ ಮಾಡಬೇಕು. ಟ್ರೂಕಟ್ ಎಂದೂ ಕರೆಯುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ಎಳೆಯಂಥ ತುಣುಕುಗಳನ್ನು ತೆಗೆಯುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವುದಷ್ಟೇ ಅಲ್ಲ, ಯಾವ ಬಗೆಯದು, ಯಾವ ಔಷಧಿ ಹಿಡಿಯುತ್ತದೆ ಎಂಬುದೂ ಆ ತುಣುಕಿನಿಂದಲೇ ತಿಳಿಯುವುದು. 'ಸೂಜಿ ತಾಗಿಸಿದರೆ ಹರಡುತ್ತದೆ' ಎಂದು ನಮ್ಮ ಊರಿನಲ್ಲೂ ಹೆದರಿಸಿದರು. ಸೂಜಿ ತಾಗಿಸಿದ್ದರಿಂದ ಕ್ಯಾನ್ಸರ್ ಬೆಳೆಯುವುದಿಲ್ಲ ಎಂದು ಆಮೇಲೆ ವೈದ್ಯರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಪರೀಕ್ಷೆ ಮಾಡಿಸದೆ ಕಳೆದ ದಿನಗಳಲ್ಲೇ ಅದು ಬೆಳೆಯುವುದು.

ಗಣೇಶ ಚೌತಿಯ ಹೊತ್ತಿಗೆ ಎದೆಯ ಚರ್ಮ ಒಂದು ಕಡೆ ಒಳಗೆಳೆದುಕೊಂಡಿತ್ತು, ತೊಟ್ಟು ತಿರುಗಿತ್ತು, ಕಂಕುಳಲ್ಲಿ ಇನ್ನೊಂದು ಗಂಟು. ಈ ಸಲ ಯಾರನ್ನೂ ಕೇಳಲಿಲ್ಲ. ಶಾಲೆಗೆ ರಜೆ ಹಾಕಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟೆವು. ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಇಬ್ಬರಿಗೂ ಟಿಕೆಟ್ ಹಣ ಇಲ್ಲ. ಅದಿಲ್ಲದಿದ್ದರೆ ಅಕ್ಕ ಅರ್ಧ ದಾರಿಯಲ್ಲೇ ಚಿಕಿತ್ಸೆ ಬಿಡುತ್ತಿದ್ದಳು ಎಂದು ಖಂಡಿತವಾಗಿ ಹೇಳಬಲ್ಲೆ. ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರಿಯಾಯಿತಿ ಪ್ರಮಾಣಪತ್ರ ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ತ್ರೀ ಟೈರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಮುಕ್ಕಾಲು ಭಾಗ ಇದೆ.

ದೊಡ್ಡ ಆಸ್ಪತ್ರೆಯಲ್ಲಿ ಬೆಳಕು ಹರಿಯುವ ಮೊದಲೇ ಸಾಲು. ಹೆಸರು ನೋಂದಣಿಗೆ ಒಂದು ಸಾಲು, ಓಪಿಡಿಗೆ ಒಂದು, ಹಣ ಕಟ್ಟಲು ಒಂದು, ರಕ್ತ ಕೊಡಲು ಒಂದು. ತಿಂಡಿ ಕಟ್ಟಿಕೊಂಡು ಹೋಗಿ, ನೀರಿನ ಬಾಟಲಿ ಇಟ್ಟುಕೊಳ್ಳಿ, ಕೂರಲು ಒಂದು ಹಳೆ ಬೆಡ್‌ಶೀಟ್ ಇರಲಿ. ಹಳೆಯ ಕಡೆ ತೆಗೆದ ಸ್ಲೈಡು (ಕೋಶ ಸವರಿದ ಗಾಜು), ಬ್ಲಾಕು (ಮೇಣದಲ್ಲಿ ಕೂರಿಸಿಟ್ಟ ತುಣುಕು) ಇದ್ದರೆ ಮರೆಯದೆ ಕೇಳಿ ತನ್ನಿ. ಇಲ್ಲಿ ಅವನ್ನು ಮತ್ತೊಮ್ಮೆ ನೋಡುತ್ತಾರೆ, ಇಲ್ಲದಿದ್ದರೆ ಎಲ್ಲ ಮೊದಲಿಂದ.

ಕೋರ್ ಬಯಾಪ್ಸಿ ಬೇಗ ಆಯಿತು. ಫಲಿತಾಂಶ ಬೇಗ ಬರಲಿಲ್ಲ. ಮೊದಲು ಕ್ಯಾನ್ಸರ್ ಹೌದು ಎಂಬ ರಿಪೋರ್ಟು. ಆಮೇಲೆ ಐಎಚ್‌ಸಿ ಎಂಬ ಇನ್ನೊಂದು ಪರೀಕ್ಷೆ. ಗಂಟು ಹಾರ್ಮೋನಿಗೆ ಬೆಳೆಯುವ ಬಗೆಯೇ, ಹರ್-2 ಎಂಬ ಪ್ರೋಟೀನ್ ಹೆಚ್ಚಿದೆಯೇ ಎಂದು ನೋಡುವುದು. ಅಕ್ಕನದು ಹಾರ್ಮೋನ್ ಪಾಸಿಟಿವ್ ಬಂತು. ಹರ್-2 ಮಾತ್ರ '2 ಪ್ಲಸ್'. ಅತ್ತ ಹೌದೂ ಅಲ್ಲ, ಇತ್ತ ಅಲ್ಲವೂ ಅಲ್ಲ. ಅದಕ್ಕೆ ಫಿಶ್ ಎಂಬ ಮತ್ತೊಂದು ಪರೀಕ್ಷೆ, ಹೊರಗಿನ ಲ್ಯಾಬಿಗೆ ಬ್ಲಾಕು ಕಳಿಸಬೇಕು, 10 ಸಾವಿರದ ಹತ್ತಿರ ಖರ್ಚು, ಮತ್ತೆ ಕಾಯುವುದು. ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಔಷಧಿ ಶುರುವಾಗದೆ ಕಾಯುವ ಆ ದಿನಗಳಷ್ಟು ಕಷ್ಟದ ದಿನ ನಾನು ಕಂಡಿಲ್ಲ. ರಾತ್ರಿ ಎದ್ದು ನೋಡಿದರೆ ಅಕ್ಕನೂ ಎದ್ದೇ ಇರುತ್ತಿದ್ದಳು. ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ. ಕೊನೆಗೆ ಫಿಶ್ ನೆಗೆಟಿವ್ ಬಂತು.

ಇದರ ನಡುವೆ ಕಾರ್ಡಿನ ತೊಡಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30 ಭಾಗ. ಅಕ್ಕನ ಆಧಾರಿನಲ್ಲಿ ಹೆಸರಿನ ಕೊನೆಗೆ 'ಅವ್ವ' ಇತ್ತು, ರೇಷನ್ ಕಾರ್ಡಿನಲ್ಲಿ 'ಅಮ್ಮ'. ನಮ್ಮ ಕಡೆ ಅರ್ಧ ಊರಿನ ಹೆಂಗಸರಿಗೆ ಈ ತೊಂದರೆ ಇದೆ. ಕಂಪ್ಯೂಟರ್ ಒಬ್ಬಳನ್ನೇ ಇಬ್ಬರನ್ನಾಗಿ ಮಾಡಿಬಿಟ್ಟಿತು. ರೇಷನ್ ಕಾರ್ಡು ತಿದ್ದಲು ಹೋದರೆ ಸರ್ವರ್ ಸಿಗಲಿಲ್ಲ, ಕೊನೆಗೆ ಆಧಾರನ್ನೇ ತಿದ್ದಿಸಿದೆವು. ಅದಕ್ಕಾಗಿ ಅಕ್ಕ ಬಯಾಪ್ಸಿಯ ಗಾಯದ ಪಟ್ಟಿ ಇಟ್ಟುಕೊಂಡೇ ಊರಿಗೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕಾಯಿತು. ಇದನ್ನು ಓದುತ್ತಿರುವವರು ಇವತ್ತೇ ಮನೆಯ ಹೆಂಗಸರ ಎರಡೂ ಕಾರ್ಡು ತೆಗೆದು ಹೆಸರು ತಾಳೆ ನೋಡಿ. ಕಾಯಿಲೆ ಬಂದ ಮೇಲೆ ಮಾಡುವ ಕೆಲಸ ಅಲ್ಲ ಇದು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ಜೋಪಾನವಾಗಿಡಿ.

ದುಡ್ಡಿನ ವಿಚಾರದಲ್ಲಿ ನಮಗಾದ ಅನುಭವ ಇದು: ಕ್ಯಾನ್ಸರ್ ಎಂದು ಸಾಬೀತಾದ ಮೇಲೆ ಯೋಜನೆ ಕೈಹಿಡಿಯಿತು, ಸಾಬೀತುಪಡಿಸುವ ಖರ್ಚು ನಮ್ಮ ಮೇಲೇ ಬಿತ್ತು. ಸ್ಕ್ಯಾನು, ಬಯಾಪ್ಸಿ, ಐಎಚ್‌ಸಿ, ಫಿಶ್, ಆಟೊ, ಊಟ, ರೂಮು ಸೇರಿ 30 ಸಾವಿರ ದಾಟಿತು. ಭಾವನ ಕೂಲಿ, ಅಕ್ಕನ ಕೂಲಿ ಹೋದದ್ದು ಬೇರೆ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದೆವು. ಬಡವರು ಚಿಕಿತ್ಸೆಯ ಬಾಗಿಲಿಗೆ ಬರುವ ಮೊದಲೇ ದುಡ್ಡು ಖಾಲಿ ಮಾಡಿಕೊಂಡಿರುತ್ತಾರೆ. ತಡವಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕೇ?

ನಾವು ಉಳಿದಿದ್ದ ಧರ್ಮಶಾಲೆಯಲ್ಲಿ ಸಂಜೆ ಹೊತ್ತು ಹೆಂಗಸರೆಲ್ಲ ಒಟ್ಟಿಗೆ ಕೂರುತ್ತಿದ್ದೆವು. ರಾಯಚೂರಿನ ಕಡೆಯ 34ರ ಹುಡುಗಿ, ಕೈಯಲ್ಲಿ ಹಾಲು ಕುಡಿಯುವ ಮಗು. ಹಾಲು ಕಟ್ಟಿದೆ ಎಂದು ಹೇಳಿ ಹೇಳಿ ಎಲ್ಲರೂ ಕಳಿಸಿದ್ದರಂತೆ. ನಮ್ಮ ದೇಶದಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕ ವಯಸ್ಸಿನಲ್ಲೇ ಹೆಚ್ಚಾಗಿ ಬರುತ್ತದೆ. 'ಇಷ್ಟು ಚಿಕ್ಕವಳಿಗೆ ಬರಲ್ಲ' ಎಂಬ ಮಾತನ್ನು ನಂಬಬೇಡಿ. ಅನಂತಪುರದಿಂದ ಬಂದ ಅಮ್ಮನ ಗಂಡ ಗೋವಾದಲ್ಲಿ ಕೆಲಸಕ್ಕಿದ್ದ, ಜೊತೆಗೆ ಬರುವವರಿಲ್ಲದೆ ಒಂದು ವರ್ಷ ಕಳೆದಿತ್ತು. ಕೋಲಾರದ ಕಡೆಯ ಹಿರಿಯರೊಬ್ಬರ ಗಂಟು ಒಡೆದು ಹುಣ್ಣಾಗಿತ್ತು. ವಾಸನೆ ಬರುತ್ತದೆ ಎಂದು ಅವರು ದೂರವೇ ಕೂರುತ್ತಿದ್ದರು. ನಾವು ಹತ್ತಿರ ಕರೆದು ಕೂರಿಸಿಕೊಂಡೆವು. ಹಾಗೆ ಕೂರುತ್ತಿದ್ದ ಹದಿನೈದು ಜನರಲ್ಲಿ ನಿಜವಾಗಿ ನಾಚಿಕೆಯಿಂದ ಮುಚ್ಚಿಟ್ಟವರು ಅವರೊಬ್ಬರೇ. ಅವರಿಗೂ ತೋರಿಸಿಕೊಳ್ಳಲು ಹತ್ತಿರದಲ್ಲಿ ಒಬ್ಬ ಲೇಡಿ ಡಾಕ್ಟರ್ ಇರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡದ್ದು: ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರುಮಾಡಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮದ ಪ್ರಕಾರ, ಹೆಂಗಸು ಮೊದಲ ಬಾರಿ ವೈದ್ಯರಿಗೆ ತೋರಿಸಿದ 60 ದಿನದೊಳಗೆ ರೋಗ ಪತ್ತೆಯಾಗಬೇಕು, ನೂರರಲ್ಲಿ 60 ಜನರದ್ದಾದರೂ ಒಂದು-ಎರಡನೇ ಹಂತದಲ್ಲೇ ಸಿಗಬೇಕು. ಆ 60 ದಿನದ ಗಡಿಯಾರ ಶುರುವಾಗುವುದು ವೈದ್ಯರ ಬಾಗಿಲಲ್ಲಿ, ಹೆಂಗಸಿನ ಬಚ್ಚಲಲ್ಲಿ ಅಲ್ಲ. ಇದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಐದು ವರ್ಷ ಬದುಕುಳಿಯುವವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು, ಭಾರತದಲ್ಲಿ 66, ದಕ್ಷಿಣ ಆಫ್ರಿಕಾದಲ್ಲಿ 40 ಎಂದು ಅದೇ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು.

ದುಬಾರಿ ಯಂತ್ರ ಇಲ್ಲದೆ ಏನೂ ಆಗದು ಎನ್ನುವವರಿಗೆ ಮುಂಬೈಯ ಟಾಟಾ ಮೆಮೋರಿಯಲ್‌ನವರು ಮಾಡಿದ ಕೆಲಸ ಹೇಳಬೇಕು. 1998ರಿಂದ ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಹಿಂಬಾಲಿಸಿದರು. ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ ಕ್ಯಾನ್ಸರ್ ಬೇಗನೆ ಸಿಕ್ಕಿತು, 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ನಮ್ಮೂರಿನ ಸಮುದಾಯ ಭವನದಲ್ಲಿ ಬೇಕಾಗಿದ್ದದ್ದು ಒಂದು ಪರದೆ, ತರಬೇತಿ ಪಡೆದ ಎರಡು ಕೈ.

ಸಿಟಿ ಸ್ಕ್ಯಾನು, ಬೋನ್ ಸ್ಕ್ಯಾನು ಆಗಿ ಮೂರನೇ ಹಂತ ಎಂದು ಬರೆದರು. ಬೇರೆ ಅಂಗಕ್ಕೆ ಹೋಗಿಲ್ಲ ಎಂದು ಕೇಳಿ ನಾನೂ ಅಕ್ಕನೂ ಅಲ್ಲೇ ತಬ್ಬಿಕೊಂಡು ಅತ್ತೆವು. ಹೃದಯದ ಎಕೋ ಆದ ಮೇಲೆ, ದಸರೆ ಮುಗಿಸಿ ಕೀಮೋ ಶುರು. ಮೊದಲ ಕೀಮೋಗಳ ಔಷಧಿ ಕೆಂಪಗಿರುತ್ತದೆ, ಮೂತ್ರವೂ ಕೆಂಪಾಗುತ್ತದೆ, ರಕ್ತ ಅಂದುಕೊಂಡು ಹೆದರಬೇಡಿ. ಕೂದಲು ಹೋಗುತ್ತದೆ, ಬರುತ್ತದೆ. ಕೀಮೋ ನಡುವೆ 100.4 ಡಿಗ್ರಿ ದಾಟಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ. ಗಂಟು ಕುಗ್ಗಿದ ಮೇಲೆ ಎದೆ ತೆಗೆದರು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಮೂರು ವಾರ ರೇಡಿಯೇಷನ್. ಚಿಕಿತ್ಸೆಯನ್ನು ನಡುವೆ ಬಿಡಬೇಡಿ, ಹಬ್ಬವಿರಲಿ, ಸುಗ್ಗಿ ಇರಲಿ. ಮಗಳ ಮದುವೆಯ ಮಾತು ಹೇಳಿಬಿಡುತ್ತೇನೆ. ಬೀಗರಿಗೆ ನಾವೇ ಹೋಗಿ ಎಲ್ಲ ತಿಳಿಸಿದೆವು. ಮದುವೆ ಮುಂದಕ್ಕೆ ಹೋಯಿತೇ ಹೊರತು ಮುರಿಯಲಿಲ್ಲ. ಹುಡುಗನ ತಾಯಿ ಒಂದು ಕೀಮೋಗೆ ಜೊತೆಯಲ್ಲೂ ಬಂದಿದ್ದರು.

ಈಗ ಅಕ್ಕನಿಗೆ ದಿನಕ್ಕೊಂದು ಹಾರ್ಮೋನ್ ಗುಳಿಗೆ, ವರ್ಷಗಟ್ಟಲೆ ನುಂಗಬೇಕು. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಅಲ್ಲಿ ಔಷಧಿ ಅಗ್ಗ. ಎಡಗೈ ಬಾವು ಬರದಂತೆ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾಳೆ, ಆ ಕೈಯಲ್ಲಿ ಭಾರದ ಕೊಡ ಎತ್ತುವುದಿಲ್ಲ. ವರ್ಷಕ್ಕೊಮ್ಮೆ ಇನ್ನೊಂದು ಎದೆಯ ಮ್ಯಾಮೋಗ್ರಾಮ್ ಆಗಬೇಕು. ಒಡಹುಟ್ಟಿದವಳಾದ್ದರಿಂದ ನಾನೂ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ನನಗೆ 41. ಮುಂದಿನ ತಿಂಗಳು ಅಕ್ಕನ ತಪಾಸಣೆಯ ದಿನವೇ ನನ್ನ ಹೆಸರನ್ನೂ ಬರೆಸಿದ್ದೇನೆ, ನಮ್ಮ ಶಾಲೆಯ ಇಬ್ಬರು ಬಿಸಿಯೂಟದ ಅಕ್ಕಂದಿರೂ ಜೊತೆಗೆ ಬರುತ್ತಿದ್ದಾರೆ.